ಮನೆಯ ಚಿತ್ರಭಂಡಾರ ಮತ್ತು ನಿಂತುಹೋದ ಚಿತ್ರ



ಮದುವೆ, ಗೃಹಪ್ರವೇಶ, ತೊಟ್ಟಿಲು ಕಾರ್ಯಗಳ ಕ್ಯಾಸೆಟ್ಟುಗಳು ಕಪಾಟಿನಲ್ಲಿ ಬೂಷ್ಟು ಹಿಡಿಯುತ್ತಿದ್ದ ಕಾಲ ಕಳೆಯಿತು. ಈಗ ಅನೇಕ ಕುಟುಂಬಗಳು ಅವನ್ನೆಲ್ಲ ಮನೆಯ ಒಂದು ಗಣಕಯಂತ್ರದಲ್ಲಿ ಕೂಡಿಟ್ಟು, ಬೇರೆ ಊರುಗಳಲ್ಲಿರುವ ಬಂಧುಗಳು ತಮ್ಮ ತಮ್ಮ ಟಿ.ವಿ.ಯಲ್ಲಿಯೇ ನೋಡುವಂತೆ ಏರ್ಪಾಡು ಮಾಡಿಕೊಂಡಿವೆ. ಇದಕ್ಕೆ ಮೀಡಿಯಾ ಸರ್ವರ್ ಎಂದು ಹೆಸರು. ಪ್ಲೆಕ್ಸ್, ಎಂಬೀ, ಜೆಲ್ಲಿಫಿನ್ ಮೊದಲಾದವು ಇದಕ್ಕೆ ಬಳಕೆಯಲ್ಲಿರುವ ತಂತ್ರಾಂಶಗಳು. ಜೆಲ್ಲಿಫಿನ್ 2018ರ ಡಿಸೆಂಬರಿನಲ್ಲಿ ಎಂಬೀಯಿಂದ ಕವಲೊಡೆದು ಬಂದುದು, ಪೂರ್ಣವಾಗಿ ಉಚಿತವಾದುದು. ನಮ್ಮ ಮನೆಯಲ್ಲಿ ಚಿರಂಜೀವಿಯು ಸ್ಥಾಪಿಸಿರುವುದೂ ಅದನ್ನೇ.

ಬಾಗಲಕೋಟೆಯಲ್ಲಿರುವ ನಮ್ಮ ಅಕ್ಕನವರ ಯಜಮಾನರು ಲಿಂಗೈಕ್ಯರಾಗಿ ಎರಡು ವರ್ಷಗಳಾದವು. 2022ರಲ್ಲಿ ಮೊಮ್ಮಗಳ ಮದುವೆಯಲ್ಲಿ ಅವರು ವಧೂವರರನ್ನು ಹರಸುತ್ತಿರುವ ನಾಲ್ಕು ನಿಮಿಷಗಳ ಚಿತ್ರವೊಂದು ನಮ್ಮ ಭಂಡಾರದಲ್ಲಿದೆ. ಅಕ್ಕನವರು ಅದನ್ನು ತಮ್ಮ ಮನೆಯ ಟಿ.ವಿ.ಯಲ್ಲಿ ಹಚ್ಚಿದ ದಿನ ಸಂಜೆ ನಮಗೆ ಫೋನು ಬಂದಿತು. “ಏನೋ ತಮ್ಮಾ, ನಿಮ್ಮ ಮಾವಾರು ಅಕ್ಕಿಕಾಳು ಹಾಕಲಿಕ್ಕೆ ಕೈ ಎತ್ತಿದವರು ಹಂಗ ನಿಂತಬಿಟ್ಟಾರ. ಮುಂದ ಹೋಗವಲ್ದು.”

ಅದೇ ಚಿತ್ರ ನಮ್ಮ ಮನೆಯ ಟಿ.ವಿ.ಯಲ್ಲಿ ನೀರು ಹರಿದಂತೆ ಓಡುತ್ತಿತ್ತು. ಮತ್ತೂ ವಿಚಿತ್ರವೆಂದರೆ, 1994ರ ಗೃಹಪ್ರವೇಶದ ಹಳೆಯ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಚಿತ್ರ ಅಕ್ಕನವರಲ್ಲಿಯೂ ನಿಲ್ಲದೆ ನಡೆಯುತ್ತಿತ್ತು. ಯಂತ್ರದ ಶಕ್ತಿ ಸಾಲದು, ಹೊಸದನ್ನೇ ಕೊಳ್ಳೋಣ ಎಂದನು ಚಿರಂಜೀವಿ. ಏನಾದರೂ ಕೆಟ್ಟರೆ ಹೊಸದು ಕೊಳ್ಳುವುದೇ ಮದ್ದೆಂದು ಭಾವಿಸುವುದು ಈ ತಲೆಮಾರಿನ ಸ್ವಭಾವ. ಕಾರಣ ತಿಳಿಯದೆ ಒಂದು ರೂಪಾಯಿಯನ್ನೂ ಬಿಚ್ಚಲಾಗದೆಂದು ನಾವು ಹಟ ಹಿಡಿದೆವು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಸರ್ವರ್ ಚಿತ್ರವನ್ನು ಎರಡು ಬಗೆಯಲ್ಲಿ ಕಳುಹಿಸಬಲ್ಲದು. ಇದ್ದುದನ್ನು ಇದ್ದಂತೆಯೇ ಕಳುಹಿಸುವುದು ಒಂದು. ನೋಡುವ ಕಡೆಯ ಯಂತ್ರಕ್ಕೆ ಅದು ಒಗ್ಗದಿದ್ದರೆ, ಇಲ್ಲವೆ ದಾರಿಯಲ್ಲಿ ಹಿಡಿಸದಿದ್ದರೆ, ಆ ಕ್ಷಣದಲ್ಲಿಯೇ ಬೇರೆ ರೂಪಕ್ಕೆ ಪರಿವರ್ತಿಸಿ ಕಳುಹಿಸುವುದು ಇನ್ನೊಂದು. ಈ ಎರಡನೆಯದೇ ಟ್ರಾನ್ಸ್‌ಕೋಡಿಂಗ್. ನಮ್ಮ ಭಾಗದ ಹಿರಿಯರು ಮೋಡಿ ಲಿಪಿಯ ಹಳೆಯ ಕಾಗದಪತ್ರಗಳನ್ನು ಬಲ್ಲರು. ಕಚೇರಿಯಲ್ಲಿ ಜನ ಕಾದು ನಿಂತಿರುವಾಗಲೇ ಮೋಡಿಯನ್ನು ಓದುತ್ತ ಕನ್ನಡದಲ್ಲಿ ಬರೆದು ಕೊಡಬೇಕಾದ ಗುಮಾಸ್ತನ ಪಾಡು ಈ ಯಂತ್ರದ್ದು. ಬರೆಯುವ ವೇಗ ಓದುವವರ ವೇಗಕ್ಕಿಂತ ಕಡಿಮೆಯಾಯಿತೋ, ಚಿತ್ರ ನಿಂತಿತೆಂದೇ ಅರ್ಥ.

ಜೆಲ್ಲಿಫಿನ್‌ನ ಮೇಲ್ವಿಚಾರಣೆಯ ಪುಟವಾದ ಡ್ಯಾಶ್‌ಬೋರ್ಡಿನಲ್ಲಿ ಯಾರು ಏನನ್ನು ನೋಡುತ್ತಿರುವರು, ಪರಿವರ್ತನೆ ನಡೆದಿದ್ದರೆ ಯಾವ ಕಾರಣಕ್ಕೆ ಎಂಬುದು ಕಾಣುತ್ತದೆ. ಅಕ್ಕನವರಿಗೆ ಮತ್ತೆ ಚಿತ್ರ ಹಚ್ಚಲು ಹೇಳಿ ನಾವು ಆ ಪುಟವನ್ನು ತೆರೆದೆವು. ಚಿತ್ರದ ಬಿಟ್‌ರೇಟು ಮಿತಿಯನ್ನು ಮೀರಿದೆ ಎಂದಿತ್ತು. ಮದುವೆಯ ಚಿತ್ರ ಐಫೋನಿನಲ್ಲಿ 4ಕೆ ಪ್ರಮಾಣದಲ್ಲಿ, ಎಚ್‌ಇವಿಸಿ ರೂಪದಲ್ಲಿ ತೆಗೆದುದು. ನಿಮಿಷಕ್ಕೆ ಸುಮಾರು 170 ಮೆಗಾಬೈಟ್, ಎಂದರೆ ಸೆಕೆಂಡಿಗೆ 22–23 ಮೆಗಾಬಿಟ್. ನಮ್ಮ ಮನೆಯಿಂದ ಹೊರಹೋಗುವ ಅಂತರ್ಜಾಲದ ದಾರಿಯ ಅಗಲ 10 ಮೆಗಾಬಿಟ್ ಮಾತ್ರ. ಹೊರಗಿನವರಿಗೆ ಚಿರಂಜೀವಿಯೇ ಹಾಕಿಟ್ಟ ಮಿತಿ 4. ಇಳಿಸಿಕೊಳ್ಳುವ ವೇಗವನ್ನು ಎಲ್ಲರೂ ಕೇಳುವರು, ಏರಿಸುವ ವೇಗವನ್ನು ಯಾರೂ ಕೇಳರು. ಮನೆಯೊಳಗೆ ಈ ಮಿತಿ ಇಲ್ಲದುದರಿಂದ ನಮ್ಮ ಟಿ.ವಿ.ಗೆ ಚಿತ್ರ ಇದ್ದಂತೆಯೇ ಬರುತ್ತಿತ್ತು.

ಹಳೆಯ ಕ್ಯಾಸೆಟ್ಟಿನ ಚಿತ್ರಕ್ಕೂ ಪರಿವರ್ತನೆ ನಡೆಯುತ್ತಿತ್ತು. ಆದರೆ ಅದರ ಅಳತೆ 720ಕ್ಕೆ 576 ಬಿಂದುಗಳು. 4ಕೆ ಚಿತ್ರದ್ದು 3840ಕ್ಕೆ 2160. ಗುಣಿಸಿ ನೋಡಿದರೆ ಸರಿಯಾಗಿ 20 ಪಟ್ಟು.

ಪರಿವರ್ತನೆಯ ಕೆಲಸ ಮಾಡುವುದು ಎಫ್‌ಎಫ್‌ಎಂಪೆಗ್. ಫ್ರಾನ್ಸಿನ ಫಾಬ್ರೀಸ್ ಬೆಲ್ಲಾರ್ 2000ದಲ್ಲಿ ಆರಂಭಿಸಿದ ತಂತ್ರಾಂಶವಿದು. ಅದು ಬರೆದಿಡುವ ಲಾಗ್ ಎಂಬ ದಾಖಲೆಯಲ್ಲಿ ವೇಗದ ಅಂಕಿಯೊಂದಿರುತ್ತದೆ. ಅದು 1ಕ್ಕಿಂತ ಹೆಚ್ಚಿದ್ದರೆ ಚಿಂತೆಯಿಲ್ಲ. ನಮ್ಮದರಲ್ಲಿ 0.6 ಇದ್ದಿತು. ನಮ್ಮ ಯಂತ್ರದ ಇಂಟೆಲ್ ಪ್ರೊಸೆಸರಿನಲ್ಲಿ ಈ ಕೆಲಸಕ್ಕೆಂದೇ ಕ್ವಿಕ್ ಸಿಂಕ್ ಎಂಬ ಪ್ರತ್ಯೇಕ ಅಂಗವಿದೆ. 2011ರಿಂದ ಆ ಸಂಸ್ಥೆಯ ಬಹುತೇಕ ಮನೆಬಳಕೆಯ ಪ್ರೊಸೆಸರುಗಳಲ್ಲಿ ಇದು ಬಂದಿದೆ. 10 ಬಿಟ್ಟಿನ ಎಚ್‌ಇವಿಸಿಯನ್ನು ಪೂರ್ಣವಾಗಿ ನಿಭಾಯಿಸಬೇಕಾದರೆ ಏಳನೆಯ ಪೀಳಿಗೆಯದೋ ಅದಕ್ಕೂ ಹೊಸದೋ ಬೇಕು. ನಮ್ಮದು ಎಂಟನೆಯದು. ಆದರೂ ಆ ಅಂಗ ಸುಮ್ಮನೆ ಕುಳಿತಿದ್ದಿತು! ಸರ್ವರ್‌ನ ಸಿದ್ಧತೆಗಳಲ್ಲಿ ಅದನ್ನು ಆರಿಸಿರಲಿಲ್ಲ. ಆರಿಸಿದ ಮೇಲೆಯೂ ಕೆಲಸ ಸಾಗದಾಗ ನೋಡಿದರೆ, ಲಿನಕ್ಸಿನಲ್ಲಿ ಜೆಲ್ಲಿಫಿನ್ ಎಂಬ ಬಳಕೆದಾರನನ್ನು ರೆಂಡರ್ ಎಂಬ ಗುಂಪಿಗೆ ಸೇರಿಸಿರಲಿಲ್ಲ. ಸೇರಿಸಿ, ಸರ್ವರನ್ನು ಮತ್ತೆ ಆರಂಭಿಸಿದೊಡನೆ ವೇಗ 2ನ್ನು ದಾಟಿತು.

ಅಲ್ಲಿಗೇ ಬಿಡಬಹುದಾಗಿತ್ತು. ಆದರೆ ಮತ್ತೆ ಮತ್ತೆ ನೋಡುವ ಚಿತ್ರವನ್ನು ಪ್ರತಿಸಲವೂ ಪರಿವರ್ತಿಸುವುದು ನಮಗೆ ಒಪ್ಪಿಗೆಯಾಗಲಿಲ್ಲ. ಮೋಡಿಯ ಕಾಗದವನ್ನು ಒಮ್ಮೆ ಶುದ್ಧಪ್ರತಿ ಮಾಡಿಟ್ಟರೆ ಮುಗಿಯಿತಲ್ಲವೆ? ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಿಂದ ರಾತ್ರಿಯ ಹೊತ್ತು ಇಂತಹ ಚಿತ್ರಗಳಿಗೆಲ್ಲ 1080ರ ಅಳತೆಯ, ಎಚ್.264 ರೂಪದ, 5 ಮೆಗಾಬಿಟ್ಟಿನ ಹಗುರ ಪ್ರತಿ ಮಾಡಿಸಿದೆವು. ಎಚ್.264 ರೂಪ 2003ರದು, ಇಂದಿನ ಟಿ.ವಿ.ಗಳೆಲ್ಲ ಸಾಮಾನ್ಯವಾಗಿ ಅದನ್ನು ಓದಬಲ್ಲವು. ಹೊರಗಿನವರ ಮಿತಿಯನ್ನು 8ಕ್ಕೆ ಏರಿಸಿದೆವು. ಮೂಲಪ್ರತಿಗಳನ್ನು ಮಾತ್ರ ಯಾರೂ ಅಳಿಸಬಾರದು. ಹಗುರ ಪ್ರತಿಯಿಂದ ಮೂಲವನ್ನು ಪಡೆಯುವ ಉಪಾಯ ಯಾವುದೂ ಇಲ್ಲ. ಕ್ಯಾಸೆಟ್ಟಿನ ಚಿತ್ರಗಳಲ್ಲಿ ಕೈ ಬೀಸಿದಾಗ ಬಾಚಣಿಗೆಯ ಹಲ್ಲುಗಳಂತೆ ಗೆರೆ ಕಾಣುವುದಿದ್ದರೆ, ಪ್ರತಿ ಮಾಡುವಾಗ ಡಿಇಂಟರ್‌ಲೇಸ್ ಎಂಬುದನ್ನು ಆರಿಸಿಕೊಳ್ಳಬೇಕು.

ಹೊಸ ಪ್ರತಿಗಳಿಗೆಂದು ಬೇರೆ ಭಂಡಾರವನ್ನು ತೆರೆದರೆ ಅದು ಬರಿದಾಗಿ ಕಂಡಿತು. ಆ ಫೋಲ್ಡರನ್ನು ಓದುವ ಅನುಮತಿ ಚಿರಂಜೀವಿಗೆ ಮಾತ್ರವಿದ್ದು, ಸರ್ವರಿಗೆ ಇರಲಿಲ್ಲ. ಅದನ್ನು ಸರಿಪಡಿಸಿದ ಮೇಲೆ ನಮಗೆ ಕಂಡಿತು, ಅಕ್ಕನವರಿಗೆ ಕಾಣಲಿಲ್ಲ. ಅವರ ಖಾತೆಗೆ ಆಯ್ದ ಭಂಡಾರಗಳನ್ನಷ್ಟೇ ತೆರೆದಿದ್ದೆವಾದ್ದರಿಂದ ಹೊಸದಕ್ಕೆ ಬೇರೆಯಾಗಿ ಗುರುತು ಹಾಕಬೇಕಾಗಿದ್ದಿತು. ಈ ಗೊಂದಲಕ್ಕೆ ಬೇಸತ್ತು ಎಲ್ಲರಿಗೂ ಒಂದೇ ಗುಪ್ತಪದ ಕೊಡುವವರುಂಟು. ನಾವೂ ಮೊದಲು ಹಾಗೆಯೇ ಮಾಡಿ, ಮನೆಯ ಹುಡುಗನೊಬ್ಬ ಒಂದು ಜಾತ್ರೆಯ ಚಿತ್ರವನ್ನೇ ಅಳಿಸಿದ ಮೇಲೆ ಬುದ್ಧಿ ಕಲಿತೆವು.

ಹೊರಗಿನಿಂದ ಸರ್ವರ್ ಸಿಗುವುದೇ ಇಲ್ಲವೆನ್ನುವ ಮನೆಗಳವರು ತಮ್ಮ ರೌಟರಿನಲ್ಲಿ ಹೊರವಿಳಾಸವನ್ನು ನೋಡಲಿ. ಅದು 100.64ರಿಂದ 100.127ರವರೆಗಿನ ಅಂಕಿಗಳಿಂದ ಆರಂಭವಾಗಿದ್ದರೆ, ಒಂದೇ ವಿಳಾಸವನ್ನು ಹಲವು ಮನೆಗಳು ಹಂಚಿಕೊಂಡಿವೆ ಎಂದರ್ಥ. ಆಗ ಬಾಗಿಲು ತೆರೆದಿಟ್ಟರೂ ಯಾರೂ ಒಳಬರಲಾರರು. ಸ್ವತಂತ್ರ ವಿಳಾಸವನ್ನು ಕೇಳಿ ಪಡೆಯಬೇಕು, ಇಲ್ಲವೆ ವೈರ್‌ಗಾರ್ಡ್, ಟೇಲ್‌ಸ್ಕೇಲ್‌ಗಳಂತಹ ಖಾಸಗಿ ದಾರಿಯನ್ನು ಮಾಡಿಕೊಳ್ಳಬೇಕು. ನಮ್ಮಲ್ಲಿರುವುದು ಈ ಎರಡನೆಯದು. ಸುರಕ್ಷತೆಯ ದೃಷ್ಟಿಯಿಂದಲೂ ನಮಗೆ ಇದೇ ಲೇಸೆನಿಸಿದೆ. ಪ್ಲೆಕ್ಸ್ ಬಳಸುವವರು ನೆನಪಿಡಬೇಕಾದುದೆಂದರೆ, 2025ರ ಏಪ್ರಿಲ್ 29ರಿಂದ ಹೊರಗಿನಿಂದ ಚಿತ್ರ ನೋಡುವುದಕ್ಕೆ ಅಲ್ಲಿ ಶುಲ್ಕವನ್ನು ಗೊತ್ತುಪಡಿಸಲಾಗಿದೆ. ನಿನ್ನೆ ಬಂದ ಚಿತ್ರ ಇಂದು ಬಾರದಿದ್ದರೆ ಯಂತ್ರವನ್ನು ಬಿಚ್ಚುವ ಮೊದಲು ಇದನ್ನು ವಿಚಾರಿಸಿರಿ.

ಮರುದಿನ ಅಕ್ಕನವರು ಚಿತ್ರವನ್ನು ಪೂರ್ತಿ ನೋಡಿದರು. ಅಕ್ಕಿಕಾಳು ವಧೂವರರ ತಲೆಯ ಮೇಲೆ ಬಿದ್ದುವಂತೆ. ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, “ಬ್ಯಾಂಡಿನವರ ಗದ್ದಲದಾಗ ಅವರ ಮಾತು ಕೇಳಸೂದಿಲ್ಲೋ ತಮ್ಮಾ, ಅದಕ್ಕೇನರ ಮಾಡಲಿಕ್ಕೆ ಬರ್ತದೇನು?” ಎಂದು ಕೇಳಿದರು. ಚಿರಂಜೀವಿಯು ಈಗ ಆ ಉದ್ಯೋಗದಲ್ಲಿದ್ದಾನೆ.