ಪಕ್ಕೆಲುಬು ಎಣಿಸಿ ಸುಮ್ಮನೆ ಬರಬೇಡಿ

ಚೆನ್ನೈನ ಮರೀನಾ ಕಡಲತೀರಕ್ಕೆ ಹೋದವರೆಲ್ಲ ಸವಾರಿಯ ಕುದುರೆಗಳನ್ನು ನೋಡಿರುತ್ತಾರೆ. ಕೆಲವು ಮೈತುಂಬಿಕೊಂಡು ಚೆನ್ನಾಗಿಯೇ ಇರುತ್ತವೆ. ಇನ್ನು ಕೆಲವುದರ ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದು. 'ಅಯ್ಯೋ ಪಾಪ' ಅನ್ನುತ್ತೇವೆ, ಫೋನಿನಲ್ಲಿ ಒಂದು ಫೋಟೊ ತೆಗೆಯುತ್ತೇವೆ, ಸುಂಡಲ್ ಪೊಟ್ಟಣ ಹಿಡಿದು ಮುಂದೆ ನಡೆಯುತ್ತೇವೆ. ಯಾರಿಗೂ ತಿಳಿಸುವುದಿಲ್ಲ. ಅದಕ್ಕೆ ನಾವು ಕೊಟ್ಟುಕೊಳ್ಳುವ ಕಾರಣಗಳು ಮೂರು. ಕೇಳಲು ವಿವೇಕದ ಮಾತಿನಂತೆಯೇ ಇವೆ. ಆದರೆ ಮೂರರಲ್ಲಿ ಒಂದೂ ನಿಲ್ಲುವುದಿಲ್ಲ.

ಮೊದಲನೆಯದು: 'ನಾನೇನು ಪಶುವೈದ್ಯನೇ? ತಪ್ಪು ತಿಳಿದಿದ್ದರೆ?' ಇಲ್ಲಿ ನಮ್ಮನ್ನು ಹೆದರಿಸುವುದು 'ದೂರು' ಎಂಬ ಪದವೇ. ಕನ್ನಡದಲ್ಲಿ ದೂರುವುದೆಂದರೆ ನಿಂದಿಸುವುದೂ ಹೌದು. ಆದರೆ ಇಲ್ಲಿ ನಿಮ್ಮಿಂದ ಯಾರೂ ತೀರ್ಪು ಕೇಳುತ್ತಿಲ್ಲ. ಬಲ್ಲವರು ಬಂದು ನೋಡಲಿ ಎಂದು ಹೇಳಿದರೆ ಸಾಕು. ಕುದುರೆ ಬಡಕಲಾಗಲು ಹಸಿವೊಂದೇ ಕಾರಣವಲ್ಲ. ಹಲ್ಲು ಸವೆದಿರಬಹುದು, ಹೊಟ್ಟೆಯಲ್ಲಿ ಹುಳುವಿರಬಹುದು, ವಯಸ್ಸಾಗಿರಬಹುದು, ಸರ್ರಾದಂಥ ರೋಗವಿರಬಹುದು. ಮಾಲೀಕ ಹೊಟ್ಟೆತುಂಬ ಹಾಕುತ್ತಿದ್ದರೂ ಅದು ಸೊರಗಬಹುದು. ಹಾಗಿದ್ದರೆ ವೈದ್ಯರನ್ನು ಕರೆಸುವ ಅಗತ್ಯ ಇನ್ನೂ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ನಿಮಗೆ ಖಚಿತವಾಗಿ ಗೊತ್ತಿಲ್ಲ ಎಂಬುದೇ ತಿಳಿಸಲು ಕಾರಣ.

ಕಣ್ಣಳತೆಗೂ ಒಂದು ಕ್ರಮವಿದೆ. 1983ರಲ್ಲಿ ಅಮೆರಿಕದ ಹೆನೆಕೆ ಮತ್ತು ಸಂಗಡಿಗರು ರೂಪಿಸಿದ 1ರಿಂದ 9ರವರೆಗಿನ ಅಳತೆಯನ್ನು ಪಶುವೈದ್ಯರು ಇಂದೂ ಬಳಸುತ್ತಾರೆ. ಕತ್ತು, ಹೆಗಲು, ಪಕ್ಕೆ, ಬೆನ್ನು, ಬಾಲದ ಬುಡ ಇವುಗಳ ಮೇಲೆ ಎಷ್ಟು ಕೊಬ್ಬಿದೆ ಎಂದು ನೋಡುವ ಅಳತೆ ಅದು. ಪಕ್ಕೆಲುಬು ತುಸು ಕಂಡ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ಪಕ್ಕೆಯ ಜೊತೆಗೆ ಬೆನ್ನುಮೂಳೆಯೂ ಸೊಂಟದ ಮೂಳೆಯೂ ಎದ್ದು ಕಂಡರೆ ಅನುಮಾನಕ್ಕೆ ಜಾಗವಿಲ್ಲ. ಹಾಗೆಂದು ಮರುಕದಿಂದ ಹುರುಳಿಯ ಚೀಲ ತಂದು ಸುರಿಯಬೇಡಿ. ಹಸಿದು ಬಡವಾದ ಕುದುರೆಗೆ ಒಮ್ಮೆಲೇ ಕಾಳು ತಿನ್ನಿಸಿದರೆ ಜೀವಕ್ಕೇ ಕುತ್ತು. ಅದಕ್ಕೆ ವಾಂತಿ ಮಾಡಲೂ ಬರುವುದಿಲ್ಲ.

ಎರಡನೆಯದು: 'ಅವನೂ ಬಡವ. ಬಡವನ ಹೊಟ್ಟೆಯ ಮೇಲೆ ಹೊಡೆಯುವುದೇ?' ಮೂರರಲ್ಲಿ ತೂಕವಿರುವ ವಾದ ಇದೊಂದೇ. 2020ರಲ್ಲಿ ಮರೀನಾ ತಿಂಗಳುಗಟ್ಟಲೆ ಮುಚ್ಚಿದಾಗ ಸವಾರಿ ನಿಂತಿತು, ಕುದುರೆಯ ಹಸಿವು ನಿಲ್ಲಲಿಲ್ಲ. ಆ ಕಷ್ಟ ಸುಳ್ಳಲ್ಲ. ಆದರೆ ಈ ವಾದ ಹೂಡುವವರು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯನ್ನು ಒಮ್ಮೆ ತೆರೆದು ನೋಡಲಿ. ಸಾಕಷ್ಟು ಮೇವು, ನೀರು, ನೆರಳು ಕೊಡದಿರುವುದು 11ನೇ ಸೆಕ್ಷನ್ನಿನ ಪ್ರಕಾರ ಅಪರಾಧ. 35ನೇ ಸೆಕ್ಷನ್ ಪ್ರಾಣಿಯನ್ನು ಶುಶ್ರೂಷಾಲಯಕ್ಕೆ ಕಳಿಸುವ ಅಧಿಕಾರ ಕೊಡುತ್ತದೆ. ಮಾಲೀಕ ಬಡವನೆಂದು ಮ್ಯಾಜಿಸ್ಟ್ರೇಟರು ಆದೇಶಿಸಿದರೆ ಚಿಕಿತ್ಸೆಗೆ ಹಣ ತೆಗೆದುಕೊಳ್ಳುವಂತಿಲ್ಲ ಎಂದೂ ಅದೇ ಸೆಕ್ಷನ್ ಹೇಳುತ್ತದೆ. ಬಡವನ ಬಗ್ಗೆ ಕಾನೂನಿಗಿರುವಷ್ಟು ಯೋಚನೆಯೂ ನಮ್ಮ ಮೌನಕ್ಕಿಲ್ಲ. ನಾವು ಸುಮ್ಮನಿದ್ದರೆ ಅವನಿಗೆ ಮೇವೂ ಸಿಗುವುದಿಲ್ಲ, ಔಷಧಿಯೂ ಸಿಗುವುದಿಲ್ಲ. ಕುದುರೆ ಸತ್ತ ದಿನ ಅವನ ದುಡಿಮೆಯೂ ಮುಗಿಯಿತು.

ಮೂರನೆಯದು: 'ತಿಳಿಸಿದರೂ ಏನೂ ಆಗುವುದಿಲ್ಲ.' ಮೊದಲ ಅಪರಾಧಕ್ಕೆ ಈ ಕಾಯ್ದೆ ವಿಧಿಸುವ ದಂಡ 10ರಿಂದ 50 ರೂಪಾಯಿ. ಇಂದು ಒಳ್ಳೆಯ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆಯೂ ಬರದ ದುಡ್ಡು. 1960ರ ಅಂಕಿಯನ್ನು ಇಷ್ಟು ವರ್ಷ ಹಾಗೇ ಬಿಟ್ಟಿರುವುದು ಸಂಸತ್ತಿಗೆ ನಾಚಿಕೆಗೇಡು. ಆದರೆ ಮೂರು ವರ್ಷದೊಳಗೆ ತಪ್ಪು ಮರುಕಳಿಸಿದರೆ ಮೂರು ತಿಂಗಳವರೆಗೆ ಜೈಲಾಗಬಹುದು. ಮೊದಲನೆಯದೇ ದಾಖಲಾಗದಿದ್ದರೆ ಎರಡನೆಯದು ಎಲ್ಲಿಂದ ಬಂತು? ಅದೂ ಅಲ್ಲದೆ, ನಮಗೆ ಬೇಕಿರುವುದು ದಂಡವಲ್ಲ, ಚಿಕಿತ್ಸೆ.

ಈ ಕಾಯ್ದೆಯ ಬೇರು ಇರುವುದೂ ಚೆನ್ನೈಯಲ್ಲೇ. ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ತಂದು ಇದಕ್ಕೆ ದಾರಿ ಮಾಡಿದವರು ಕಲಾಕ್ಷೇತ್ರದ ರುಕ್ಮಿಣಿದೇವಿ ಅರುಂಡೇಲ್. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರೂ ಅವರೇ. ಬ್ಲೂ ಕ್ರಾಸ್ ಹುಟ್ಟಿದ್ದು ಇದೇ ಊರಿನಲ್ಲಿ, 1959ರಲ್ಲಿ. ಶತಮಾನ ದಾಟಿದ ಪಶುವೈದ್ಯ ಕಾಲೇಜು ವೇಪೇರಿಯಲ್ಲಿದೆ, ಮರೀನಾದಿಂದ ಕೆಲವೇ ಕಿಲೋಮೀಟರ್ ದೂರ. ಇಷ್ಟೆಲ್ಲ ಇರುವ ಊರಿನಲ್ಲಿ 'ಯಾರಿಗೆ ಹೇಳುವುದು' ಎನ್ನುವುದು ಕುದುರೆ ಕಂಡರೆ ಕಾಲುನೋವು ಎಂದಂತೆ.

ಹೇಳುವ ಬಗೆ ಮಾತ್ರ ಸರಿಯಾಗಿರಲಿ. ಜಾಗ, ಹೊತ್ತು, ಕುದುರೆಯ ಬಣ್ಣ, ಹಣೆಯ ಮಚ್ಚೆ, ಗಾಯವಿದ್ದರೆ ಅದು ಎಲ್ಲಿದೆ, ಪಕ್ಕದಿಂದ ತೆಗೆದ ಎರಡು ಫೋಟೊ, ಇಷ್ಟು ಸಾಕು. ಮಾಲೀಕನ ಮುಖವನ್ನು ಫೇಸ್‌ಬುಕ್ಕಿಗೆ ಹಾಕಿ ಊರವರಿಂದ ಉಗಿಸುವುದು ಬೇಡ. ಅದರಿಂದ ಕುದುರೆಗೆ ಒಂದು ಹಿಡಿ ಹುಲ್ಲೂ ದಕ್ಕುವುದಿಲ್ಲ. 'ಅವನನ್ನು ಹಿಡಿಯಿರಿ' ಎನ್ನಬೇಡಿ, 'ಈ ಕುದುರೆಯನ್ನು ವೈದ್ಯರು ನೋಡಲಿ' ಎನ್ನಿ. ವಾರವಾದರೂ ಯಾರೂ ಬರದಿದ್ದರೆ ಮತ್ತೆ ಕೇಳಿ.

ನಿಮ್ಮ ಅನುಮಾನ ಸುಳ್ಳಾದರೆ ಮಾಲೀಕನ ಒಂದು ಮಧ್ಯಾಹ್ನ ಹಾಳಾಗುತ್ತದೆ. ನಿಜವಾಗಿದ್ದೂ ನೀವು ಸುಮ್ಮನಿದ್ದರೆ, ನಾಳೆ ಅದೇ ಮೂಳೆಗಳ ಮೇಲೆ ಇನ್ನೊಂದು ಮಗುವನ್ನು ಕೂರಿಸುತ್ತಾರೆ.