ಕೈಗೆ ಕೂತ ಕೆಲಸವನ್ನು ಕದಲಿಸುವ ಮುನ್ನ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಮೈಸೂರಿನ ಬನ್ನಿಮಂಟಪದಂಥ ಕಡೆ ಜೆರಾಕ್ಸ್, ಡಿಟಿಪಿ ಅಂಗಡಿ ನಡೆಸುವವರ ಮುಂದೆಯೂ ವಿಂಡೋಸ್ 11 ಹಾಕಿಸುವ ಪ್ರಶ್ನೆ ಬಂದು ನಿಂತಿತು. ಇಂಥ ಹೊತ್ತಿನಲ್ಲೆಲ್ಲ ಒಂದು ಮಾತು ಓಡಾಡುತ್ತದೆ: ಹೊಸದಕ್ಕೆ ಒಗ್ಗಿಕೊಳ್ಳದವರು ಸೋಮಾರಿಗಳು. ದಿನವಿಡೀ ಕಂಪ್ಯೂಟರಿನಲ್ಲೇ ದುಡಿದು ತಿನ್ನುವವರ ಬಗ್ಗೆ ಏನೂ ತಿಳಿಯದವರು ಮಾತ್ರ ಆಡಬಹುದಾದ ಮಾತಿದು.

ಡಿಟಿಪಿ ಆಪರೇಟರ್ ಬಾಡಿಗೆ ಕರಾರನ್ನೋ ಲಗ್ನಪತ್ರಿಕೆಯನ್ನೋ ಕಂಪೋಸ್ ಮಾಡುವಾಗ ಕಣ್ಣು ಕೈಬರಹದ ಹಾಳೆಯ ಮೇಲಿರುತ್ತದೆ; ಯಾವುದು ಎಲ್ಲಿದೆ ಎಂಬುದು ಬೆರಳಿಗೇ ಗೊತ್ತಿರುತ್ತದೆ. ವರ್ಷಗಟ್ಟಲೆ ದುಡಿದು ಗಳಿಸಿದ ಈ ಕಸುಬುಗಾರಿಕೆಯೇ ಅವರ ಬಂಡವಾಳ. ಮೆನು ಜಾಗ ಬದಲಿಸಿದರೆ ಕರಗುವುದು ಆ ಬಂಡವಾಳವೇ.

2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂದಾಗ ಏನಾಯಿತೆಂದು ನೋಡಿ. ಸ್ಟಾರ್ಟ್ ಬಟನ್ ಎಡಮೂಲೆ ಬಿಟ್ಟು ನಡುವಿಗೆ ಸರಿಯಿತು. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಕಟ್, ಕಾಪಿ, ಡಿಲೀಟ್‌ಗಳ ಹೆಸರು ಮಾಯವಾಗಿ ಬರೀ ಚಿತ್ರಗಳು ಉಳಿದವು. ಹಳೆಯ ಆಯ್ಕೆಗಳು ಬೇಕಾದರೆ ಇನ್ನೊಂದು ಕ್ಲಿಕ್. 2024ರ ಆವೃತ್ತಿಯಲ್ಲಿ ಆ ಚಿತ್ರಗಳ ಜೊತೆ ಹೆಸರುಗಳು ಮರಳಿದವು. ಇದು ಮೊದಲನೆಯ ಸಲವೂ ಅಲ್ಲ. 2012ರ ವಿಂಡೋಸ್ 8ರಲ್ಲಿ ಕಿತ್ತುಹಾಕಿದ ಸ್ಟಾರ್ಟ್ ಬಟನ್ ಮರುವರ್ಷವೇ 8.1ರಲ್ಲಿ ವಾಪಸಾಗಿತ್ತು. ಗೊಣಗಿದವರು ಸೋಮಾರಿಗಳಾಗಿದ್ದರೆ ಕಂಪನಿ ಹೆಜ್ಜೆ ಹಿಂದಿಡಬೇಕಾಗಿ ಬರುತ್ತಿರಲಿಲ್ಲ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಹಳೆಯ ವ್ಯವಸ್ಥೆಯಲ್ಲಿ ವೈರಸ್ಸಿಗೆ, ಕಳ್ಳರಿಗೆ ದಾರಿ ಉಳಿದುಬಿಡುತ್ತದೆ. ಗಿರಾಕಿಗಳ ಆಧಾರ್ ಪ್ರತಿ, ಪಹಣಿ, ಅಂಕಪಟ್ಟಿಗಳು ಹಾದುಹೋಗುವ ಅಂಗಡಿಯ ಕಂಪ್ಯೂಟರಿಗೆ ಭದ್ರತೆ ಬೇಕೇ ಬೇಕು. ವಿಂಡೋಸ್ 11 ಟಿಪಿಎಂ 2.0 ಚಿಪ್ ಕೇಳುವುದೂ ಭದ್ರತೆಯ ಹೆಸರಿನಲ್ಲೇ. ಇದನ್ನು ಒಪ್ಪಲೇಬೇಕು. ಆದರೆ ಕಳ್ಳರನ್ನು ತಡೆಯಲು ಡಿಲೀಟ್‌ನ ಹೆಸರು ಅಳಿಸಬೇಕಿರಲಿಲ್ಲ. ಒಳಗಿನ ದುರಸ್ತಿಯನ್ನೂ ಹೊರಗಿನ ಅಲಂಕಾರವನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕೊಡುವುದೇ ತಕರಾರಿನ ಮೂಲ.

ಒಳಗನ್ನು ಪೂರ್ತಿ ಬದಲಿಸಿಯೂ ಕೈಯ ಅಭ್ಯಾಸ ಉಳಿಸಬಹುದು ಎಂಬುದಕ್ಕೆ ಕನ್ನಡದಲ್ಲೇ ಸಾಕ್ಷಿಯಿದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತವನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತಿದ್ದವು. ಅದರಲ್ಲಿರುವ ಕನ್ನಡ ಪದ ಗೂಗಲ್‌ನಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಯೂನಿಕೋಡ್ ಬಂದು ಅಕ್ಷರ ಕೂಡಿಡುವ ಬಗೆಯೇ ಬದಲಾಯಿತು. ಹಳೆಯ ಕಡತಗಳನ್ನು ಪರಿವರ್ತಿಸುವ ಕಷ್ಟವೂ ಬಂತು. ಆದರೆ ಕೆ.ಪಿ. ರಾವ್ ಅವರ ವಿನ್ಯಾಸದ ಬುನಾದಿಯ ಮೇಲೆ ನಿಂತ ಕೀಲಿಮಣೆ ಹಾಗೆಯೇ ಉಳಿಯಿತು. ‘ಅಮ್ಮ’ ಎಂದು ಮೂಡಿಸಲು ಅಂದೂ ಎ, ಎಂ, ಎಫ್, ಎಂ ಒತ್ತಬೇಕಿತ್ತು; ಇಂದೂ ಅಷ್ಟೇ. ಬೆರಳಿಗೆ ಹೊಸ ಪಾಠವಿಲ್ಲ. ಬರೆದದ್ದು ಮಾತ್ರ ಎಲ್ಲ ಕಡೆ ಓದಲು ಸಿಗತೊಡಗಿತು. ಆಪರೇಟರುಗಳ ಬದುಕಿಗೆ ದೊಡ್ಡ ಉಪಕಾರ ಮಾಡಿದ ಬದಲಾವಣೆ ಇದು.

ಹೊಸಬರಿಗೆ ಹೊಸ ವಿನ್ಯಾಸವೇ ಸುಲಭ ಎನ್ನುವುದೂ ನಿಜವಿರಬಹುದು. ಅವರಿಗೆ ಅದು ಇರಲಿ. ಹಳಬರಿಗೆ ಹಳೆಯ ಮೆನುವನ್ನು ಒಂದೇ ಗುಂಡಿಯಲ್ಲಿ ಮರಳಿ ಪಡೆಯುವ ಅನುಕೂಲವಿರಲಿ. ಭದ್ರತೆಯ ಅಪ್‌ಡೇಟ್ ಬೇರೆ, ರೂಪ ಬದಲಾವಣೆ ಬೇರೆ ಆಗಿ ಬರಲಿ. ನೂರಾರು ಕಂಪ್ಯೂಟರುಗಳನ್ನು ಒಟ್ಟಿಗೆ ಕೊಳ್ಳುವ ಸರ್ಕಾರಿ ಕಚೇರಿಗಳು, ವಿಶ್ವವಿದ್ಯಾಲಯಗಳು ಖರೀದಿಯ ಷರತ್ತಿನಲ್ಲೇ ಇದನ್ನು ಬರೆಯಬೇಕು. ಹೊಸ ವ್ಯವಸ್ಥೆ ಹಾಕಿದಾಗ ಸಿಬ್ಬಂದಿಗೆ ಕಲಿಯಲು ಕೆಲಸದ ಅವಧಿಯಲ್ಲೇ ಸಮಯ ಕೊಡಬೇಕು.