ಬಡವರ ಊಟಿಯಲ್ಲಿ ಎಳೆ ಮಕ್ಕಳಿಗೆ ಜಾಗ ಎಲ್ಲಿದೆ?

ಡಿಸೆಂಬರ್‌ನ ಒಂದು ಭಾನುವಾರ. ಫ್ಲಾಸ್ಕಿನಲ್ಲಿ ಬಿಸಿನೀರು, ಡಬ್ಬಿಯಲ್ಲಿ ರಾಗಿ ಸರಿ, ಎರಡು ಟೋಪಿ, ನಾಲ್ಕು ಜೊತೆ ಬಟ್ಟೆ ತುಂಬಿಕೊಂಡು ನಾವು ಹೊರಟು ನಿಂತಾಗ ಅವ್ವ ಬಾಗಿಲಿಗೆ ಬಂದು ನಿಂತರು. "ಎಳೆ ಮಗೀನ ಈ ಚಳೀಲಿ ಎತ್ತಾಗ್ ಕರ್ಕೊಂಡ್ ಹೊಯ್ತೀರಿ? ರಾಗಿ ಇನ್ನೂ ಕಣದಲ್ಲೇ ಅದೆ, ತಿರುಗಾಟ ಬೇಕಾಯ್ತಾ?"

ನಮಗೆ ನಾಲ್ಕು ವರ್ಷದ ಮಗಳು, ಒಂದೂವರೆ ವರ್ಷದ ಮಗ. ಚಳಿಗಾಲದಲ್ಲಿ ಮಕ್ಕಳನ್ನು ಸುತ್ತಾಡಿಸುವುದು ಕಾರಿರುವ ಪೇಟೆಯವರ ಚಟ ಎಂಬ ಮಾತು ನಮ್ಮ ಕಡೆ ಇದ್ದೇ ಇದೆ. ನಾವು ಅದನ್ನು ಒಪ್ಪುವುದಿಲ್ಲ. ಕಣದಲ್ಲೇ ಬೆಂಕಿ ಕಾಯಿಸಿಕೊಂಡು, ಹುಲ್ಲಿನ ಮೆದೆ ಮೇಲೆ ಉರುಳಾಡಿ ಬೆಳೆದವರು ನಾವು. ಆಗ ಕಣವೇ ನಮ್ಮ ಪ್ರವಾಸವಾಗಿತ್ತು. ಈಗ ಒಕ್ಕಣೆ ಯಂತ್ರ ಬಂದು ಒಂದೇ ದಿನದಲ್ಲಿ ಕೆಲಸ ಮುಗಿಸುತ್ತದೆ, ಮಕ್ಕಳು ಮೊಬೈಲ್ ಹಿಡಿದು ಒಳಗೆ ಕೂರುತ್ತಾರೆ. ಅವರನ್ನು ಹೊರಗೆ ಕರೆದೊಯ್ಯುವುದು ಶೋಕಿಯಲ್ಲ, ಅವರಿಗೆ ಬೇಕಾದದ್ದು.

ಅಂದು ನಾವು ಹೋಗಿದ್ದು ಮೊಸಳೆಗೆ. ಹಾಸನದಿಂದ ಸುಮಾರು 10–12 ಕಿ.ಮೀ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಶುರುವಾದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಆರು ವರ್ಷದೊಳಗಿನ ಮಕ್ಕಳಿಗೆ ಮೊದಲೇ ಇರಲಿಲ್ಲ. ನಾಲ್ಕು ಜನಕ್ಕೆ ಒಂದೇ ಟಿಕೆಟ್! ಊರೊಳಗೆ ಹೊಯ್ಸಳರ ಕಾಲದ ಎರಡು ಗುಡಿಗಳು ಅಕ್ಕಪಕ್ಕ ನಿಂತಿವೆ. ಒಂದರಲ್ಲಿ ನಾಗೇಶ್ವರ, ಇನ್ನೊಂದರಲ್ಲಿ ಚನ್ನಕೇಶವ. ಸುಮಾರು 800 ವರ್ಷ ಹಳೆಯವು, ನೋಡಲು ಒಂದೇ ಅಚ್ಚು. "ಇವೆರಡು ಅವಳಿ ಜವಳಿ" ಎಂದಿದ್ದೇ ತಡ, ಮಗಳು "ಅಣ್ಣ ಯಾವ್ದು, ತಮ್ಮ ಯಾವ್ದು?" ಎಂದು ಕೇಳುತ್ತಾ ಎರಡನ್ನೂ ಹತ್ತಾರು ಸಲ ಸುತ್ತಿದಳು. ಮಗ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಅಂಗೈ ಇಟ್ಟು ನಕ್ಕ. ಅಲ್ಲಿ ನೂಕುನುಗ್ಗಲಿಲ್ಲ. 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಬೇಲೂರು, ಹಳೇಬೀಡಿಗೆ ಹೋಗುವವರು ಇಲ್ಲಿಗೆ ಬರುವುದು ಕಡಿಮೆ. ಎಳೆ ಮಕ್ಕಳಿರುವವರಿಗೆ ಅದೇ ಒಳ್ಳೆಯದಾಯಿತು.

ಇಂಥ ಜಾಗಗಳು ನಮ್ಮ ಸುತ್ತ ಬೇಕಾದಷ್ಟಿವೆ. ಷಷ್ಠಿ ಹೊತ್ತಿಗೆ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಸುಬ್ರಹ್ಮಣ್ಯನ ತೇರು, ಕಾವೇರಿಯಲ್ಲಿ ದೇವರ ಮೀನುಗಳು. ಜನವರಿಯಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ರಾಸುಗಳ ಜಾತ್ರೆ. ಕೊಂಬಿಗೆ ಬಣ್ಣ ಬಳಿಸಿಕೊಂಡ ಹಳ್ಳಿಕಾರ್ ಎತ್ತಿನ ಮುಂದೆ ನಿಂತ ಮಗುವಿಗೆ ಯಾವ ಕಾರ್ಟೂನೂ ಬೇಡ. ಹೊಳೆನರಸೀಪುರದಲ್ಲಿ ಹೇಮಾವತಿ ದಡದ ನರಸಿಂಹಸ್ವಾಮಿ ಗುಡಿ. ನೀರು ಇಳಿದಂತೆ ಮೇಲೆದ್ದು ಕಾಣುವ ಶೆಟ್ಟಿಹಳ್ಳಿಯ ಹಳೇ ಚರ್ಚು, ಅಲ್ಲಿ ಮಾತ್ರ ಮಕ್ಕಳ ಕೈ ಬಿಡಬಾರದು. ಸಂಕ್ರಾಂತಿಗೆ ಮನೆಯಲ್ಲೇ ಎಳ್ಳು ಬೆಲ್ಲ, ಅವರೆಕಾಯಿ, ಕಬ್ಬು. ಕೆಲವು ಮನೆಗಳಲ್ಲಿ ಪುಟ್ಟ ಮಕ್ಕಳ ತಲೆ ಮೇಲೆ ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಎರೆಯುತ್ತಾರೆ. ಸಂಜೆ ಅಪ್ಪನ ಹೆಗಲ ಮೇಲೆ ಕೂತು ಹಸು ಎತ್ತುಗಳು ಕಿಚ್ಚು ಹಾಯುವುದನ್ನು ನೋಡುವ ಸುಖ ಬೇರೆ.

ಹಾಗಾದರೆ ತೊಂದರೆ ಏನು? ಅದೇ ತಿಂಗಳು ನಾವು ಜಿಲ್ಲೆಯ ಇನ್ನೊಂದು ತಾಣಕ್ಕೆ ಹೋಗಿದ್ದೆವು, ಹೆಸರು ಬೇಡ. ಶೌಚಾಲಯ ಇತ್ತು, ಬೀಗ ಹಾಕಿತ್ತು. ಬೀಗದ ಕೈ ಇದ್ದವರು ಊಟಕ್ಕೆ ಹೋಗಿದ್ದರು. ಮಗ ಹಸಿದು ಅಳುತ್ತಿದ್ದ. ನಮ್ಮಿಬ್ಬರಲ್ಲಿ ಒಬ್ಬರು ನಿಂತಿದ್ದ ಟೆಂಪೊ ಮರೆಯಲ್ಲಿ ಕೂತು ಹಾಲು ಕುಡಿಸಿದರು, ಇನ್ನೊಬ್ಬರು ಟವೆಲ್ ಅಡ್ಡ ಹಿಡಿದು ನಿಂತರು. ಅಲ್ಲೇ ಕೂತಿದ್ದ ಇನ್ನೊಬ್ಬ ತಾಯಿ ಹೇಳಿದ್ದು ನಮ್ಮ ತಲೆಯಿಂದ ಹೋಗಿಲ್ಲ: "ಆಚೆ ಬರೋ ದಿನ ನಾನು ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ ಕಣಕ್ಕ." ಆಕೆಯೂ ಮೊಲೆಯೂಡಿಸುವ ತಾಯಿ.

ಮಕ್ಕಳಿಗೆ ಖುಷಿ ಆಗಲೆಂದು ಅಮ್ಮ ಬಾಯಾರಿ ಕೂರಬೇಕೆ? ಚಳಿಗಿಂತ ಇದಕ್ಕೆ ಹೆದರಿಯೇ ನಮ್ಮ ಹಳ್ಳಿಯ ಎಷ್ಟೋ ತಾಯಂದಿರು ಹೊಸ್ತಿಲು ದಾಟುವುದಿಲ್ಲ. ಬಸ್ಸು ಪುಕ್ಕಟೆ ಸಿಕ್ಕರೂ ಇಳಿದ ಮೇಲೆ ಕೂರಲು ಜಾಗವಿಲ್ಲದಿದ್ದರೆ ಬಂದೇನು ಪ್ರಯೋಜನ?

ಪ್ರವಾಸೋದ್ಯಮ ಎಂದರೆ ನಮ್ಮಲ್ಲಿ ಸ್ವಾಗತ ಕಮಾನು, ಬಣ್ಣದ ದೀಪ, ಸೆಲ್ಫಿ ಪಾಯಿಂಟ್. ನಾವು ಕೇಳುತ್ತಿರುವುದು ಅದಲ್ಲ. ಬೀಗ ಹಾಕದ, ನೀರಿರುವ ಒಂದು ಶೌಚಾಲಯ. ಪರದೆ ಕಟ್ಟಿದ ಒಂದು ಮೂಲೆ, ಮಗುವಿಗೆ ಹಾಲು ಕುಡಿಸಲು, ಬಟ್ಟೆ ಬದಲಿಸಲು. ಮರದ ನೆರಳಲ್ಲಿ ಒಂದು ಕಲ್ಲುಬೆಂಚು. ಕತ್ತಲಾಗುವ ಮೊದಲು ಪೇಟೆಗೆ ವಾಪಸ್ ಹೋಗುವ ಒಂದು ಬಸ್ಸು. ಜಾತ್ರೆಯಾದರೆ ತಪ್ಪಿಸಿಕೊಂಡ ಮಕ್ಕಳನ್ನು ಕೂರಿಸಿ ಮೈಕಿನಲ್ಲಿ ಕೂಗುವ ಒಂದು ಚಪ್ಪರ. ಮಗುವಿನ ತೋಳಿನ ಮೇಲೆ ಪೆನ್ನಿನಲ್ಲಿ ಫೋನ್ ನಂಬರ್ ಬರೆಯುವ ಕೆಲಸ ನಾವೇ ಮಾಡಿಕೊಳ್ಳುತ್ತೇವೆ.

ದುಡ್ಡಿಲ್ಲ ಎನ್ನಬೇಡಿ, ಒಂದು ಕಮಾನಿನ ಖರ್ಚೂ ಆಗುವುದಿಲ್ಲ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆಂದು ಇದೇ ಸರ್ಕಾರ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆದಿದೆ. ತಾಯಿ ದುಡಿಯುವಾಗ ಕೂಸಿಗೆ ಜಾಗ ಬೇಕು ಎಂದು ಗೊತ್ತಾಯಿತು. ತಾಯಿ ನಗುವಾಗಲೂ ಬೇಕು ಎಂಬುದು ಯಾವಾಗ ಗೊತ್ತಾಗುತ್ತದೆ?

ನವೆಂಬರ್‌ನಿಂದ ಜನವರಿವರೆಗೆ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಶಾಲೆ ಮಕ್ಕಳು ಆಟದ ಮೈದಾನ ಕೇಳುತ್ತಾರೆ, ರಸ್ತೆ ಕೇಳುತ್ತಾರೆ. ಒಂದೂವರೆ ವರ್ಷದವನಿಗೆ ಅರ್ಜಿ ಬರೆಯಲು ಬರುವುದಿಲ್ಲ, ಅವನ ಪರವಾಗಿ ನಾವು ಬರೆದುಕೊಂಡು ಹೋಗುತ್ತೇವೆ. ನಿಮ್ಮೂರಿನಲ್ಲೂ ಗುಡಿಯೋ ಕೆರೆಯೋ ಜಾತ್ರೆಯೋ ಇದ್ದೇ ಇರುತ್ತದೆ, ನೀವೂ ಬರೆಯಿರಿ. ಹಾಸನವನ್ನು ಬಡವರ ಊಟಿ ಎಂದು ಕರೆದುಕೊಂಡು ಹೆಮ್ಮೆ ಪಡುತ್ತೇವಲ್ಲ, ಬಡವರ ಮಕ್ಕಳೂ ಆ ಊಟಿ ನೋಡಲಿ.

ಅಂದಹಾಗೆ, ಈ ಸಂಕ್ರಾಂತಿ ಮುಗಿದ ಮೇಲೆ ಅವ್ವನನ್ನೂ ಮೊಸಳೆಗೆ ಕರೆದೊಯ್ಯಬೇಕೆಂದಿದ್ದೇವೆ. "ಅಲ್ಲಿ ಕಕ್ಕಸು ಅದಾ?" ಎಂದು ಮೊದಲೇ ಕೇಳಿದ್ದಾರೆ.